ಒಂದು ಭೇಟಿಗೆ ಒಂದೇ ದೂರು

ಯುಟ್ರೆಕ್ಟ್
12 ನವೆಂಬರ್ 1997

ನಾಗಮಣಿ,

ಇಲ್ಲಿ ಬೆನ್ನೊಂದನ್ನು ಬಿಟ್ಟು ಉಳಿದೆಲ್ಲ ಕ್ಷೇಮ.

ಐದು ವರ್ಷದ ಮೇಲೆ ಬರೆಯುವ ಪತ್ರವನ್ನು ಹೀಗೆ ಶುರುಮಾಡಬಾರದು, ಗೊತ್ತು. ಇಲ್ಲಿಯ ಚಳಿ, ಅಲ್ಲಿಯ ದಸರಾ ಎಂದು ಎರಡು ಪ್ಯಾರಾ ಸುತ್ತಿ ಬಳಸಿ ಬರಬೇಕಿತ್ತು. ಆದರೆ ಸರಸ್ವತೀಪುರಂನ ಬಾಡಿಗೆ ಕೋಣೆಯಲ್ಲಿ ಮೂರು ವರ್ಷ ಒಂದೇ ಬಚ್ಚಲು ಹಂಚಿಕೊಂಡವಳ ಮುಂದೆ ಪೀಠಿಕೆ ಏನು ಹಾಕಲಿ? ನೀನು ಮೆಡಿಕಲ್ ಪುಸ್ತಕದ ಹುಣ್ಣಿನ ಚಿತ್ರಗಳನ್ನು ಊಟದ ತಟ್ಟೆಯ ಪಕ್ಕ ಹರಡಿಕೊಳ್ಳುತ್ತಿದ್ದೆ. ನಾನು ಸಂಖ್ಯಾಶಾಸ್ತ್ರದ ಪುಸ್ತಕ ಅಡ್ಡ ಹಿಡಿದು ಉಣ್ಣುತ್ತಿದ್ದೆ. ಈಗ ನೀನು ಚರ್ಮರೋಗ ತಜ್ಞೆ, ನಾನು ಬರೀ ಚರ್ಮರೋಗ.

ವಿಷಯ ಇಷ್ಟು. ನನಗೆ ಮೂವತ್ತೆರಡು ವರ್ಷ, ನನ್ನ ಬೆನ್ನಿಗೆ ಹದಿನಾರು. ಕುತ್ತಿಗೆಯ ಬುಡದಿಂದ ಬ್ರಾ ಪಟ್ಟಿಯವರೆಗೆ ಮೊಡವೆ. ಹುಡುಗಿಯರ ಕೆನ್ನೆಯ ಮೇಲೆ ಬಂದು ನಾಲ್ಕು ದಿನ ನಾಚಿ ಹೋಗುವ ಮೊಡವೆಯಲ್ಲ. ಒಳಗೆ ಗೋಲಿಯಂತೆ ಕೂತು, ವಾರಗಟ್ಟಲೆ ನೋಯಿಸಿ, ಹೋಗುವಾಗ ಕಪ್ಪು ಮೊಹರು ಒತ್ತಿ ಹೋಗುವ ಜಾತಿ. ಒಂದು ಹೋಗುವ ಮೊದಲೇ ಇನ್ನೊಂದು ಬಂದು ಚಾರ್ಜ್ ತೆಗೆದುಕೊಳ್ಳುತ್ತದೆ. ಸರ್ಕಾರಿ ಕಚೇರಿಯಲ್ಲೂ ಇಂಥ ಶಿಸ್ತು ನೋಡಿಲ್ಲ. ದಿನಾ ಆಮರ್ಸ್‌ಫೋರ್ಟ್‌ನ ವಿಮಾ ಕಂಪನಿಗೆ ರೈಲಿನಲ್ಲಿ ಹೋಗುತ್ತೇನೆ. ಸೀಟು ಸಿಕ್ಕರೂ ಒರಗುವಂತಿಲ್ಲ, ಅಪರಾಧಿಯ ಹಾಗೆ ನೆಟ್ಟಗೆ ಕೂರಬೇಕು. ಈ ಊರಿನಲ್ಲಿ ಸೈಕಲ್ ಹತ್ತಿದವರೆಲ್ಲ ಚೀಲವನ್ನು ಬೆನ್ನಿಗೆ ಹಾಕುತ್ತಾರೆ, ನಾನು ಹ್ಯಾಂಡಲ್ಲಿಗೆ ತೂಗಿಬಿಟ್ಟು ಓಲಾಡುತ್ತ ಹೋಗುತ್ತೇನೆ. ಬಿಳಿ ಅಂಗಿ ಹಾಕಿ ಎರಡು ವರ್ಷವಾಯಿತು. ಕಡೆಯ ಸಲ ಹಾಕಿದಾಗ ಮೀಟಿಂಗಿನಲ್ಲಿ ಹಿಂದೆ ಕೂತಿದ್ದವಳು ಮೆಲ್ಲಗೆ ಬಂದು, ರಕ್ತ ಬಂದಿದೆ, ಬಿದ್ದೆಯಾ ಎಂದು ಕೇಳಿದಳು. ಹೌದು, ಸೈಕಲ್ಲಿನಿಂದ, ಎಂದೆ.

ಇಲ್ಲಿ ಚರ್ಮದ ಡಾಕ್ಟರ ಹತ್ತಿರ ನೇರವಾಗಿ ಹೋಗುವಂತಿಲ್ಲ. ಮೊದಲು ಹೌಸ್‌ಆರ್ಟ್ಸ್ ಎಂಬವರನ್ನು ನೋಡಬೇಕು. ಹಾಗೆಂದರೆ ಮನೆವೈದ್ಯ. ಮನೆಗೆ ಬರುವವರಲ್ಲ, ಮನೆಗೆ ಕಳಿಸುವವರು. ಒಬ್ಬ ರೋಗಿಗೆ ಹತ್ತು ನಿಮಿಷ, ಒಂದು ಭೇಟಿಗೆ ಒಂದೇ ದೂರು. ಇದು ನನ್ನ ಹಾಸ್ಯವಲ್ಲ, ಫೋನಿನಲ್ಲಿ ಸಹಾಯಕಿ ಮೊದಲ ದಿನವೇ ಹೇಳಿದ ನಿಯಮ. ಕಿವಿ ನೋವಿಗೆ ಹೋದವರು ಕಾಲನ್ನು ಮನೆಯಲ್ಲೇ ಬಿಟ್ಟು ಹೋಗಬೇಕು. ಮೊದಲ ಭೇಟಿಯಲ್ಲಿ ಅವರು ಸ್ವಲ್ಪ ಕಾಯಿರಿ ಎಂದರು. ಎರಡನೆಯದರಲ್ಲಿ ಒಂದು ಲೋಷನ್ ಕೊಟ್ಟರು. ಅದು ಮೊಡವೆಯನ್ನು ಬಿಟ್ಟು ಉಳಿದೆಲ್ಲದರ ಬಣ್ಣ ತೆಗೆಯಿತು. ನನ್ನ ಮೂರು ಟವೆಲ್, ಎರಡು ಹೊದಿಕೆ, ಅಮ್ಮ ಕೊಟ್ಟ ಮರೂನ್ ರವಿಕೆ, ಎಲ್ಲಕ್ಕೂ ಈಗ ತೊನ್ನು. ಮೂರನೆಯದರಲ್ಲಿ ನಾಲ್ಕು ತಿಂಗಳ ಆಂಟಿಬಯಾಟಿಕ್. ನುಂಗುವಷ್ಟು ದಿನ ಮೊಡವೆಗಳು ರಜೆ ಹೋದವು. ನಿಲ್ಲಿಸಿದ ಹದಿನೈದನೇ ದಿನಕ್ಕೆ ನೆಂಟರನ್ನೂ ಕರೆದುಕೊಂಡು ಬಂದವು.

ಇನ್ನೊಂದು ತಮಾಷೆ: ತನ್ನ ಬೆನ್ನಿಗೆ ತಾನೇ ಲೋಷನ್ ಹಚ್ಚಿಕೊಳ್ಳಬಲ್ಲ ಪ್ರಾಣಿಯಾಗಿ ಮನುಷ್ಯನನ್ನು ಮಾಡಿಲ್ಲ. ದೋಸೆ ಮಗುಚುವ ಸಟ್ಟುಗಕ್ಕೆ ಹಳೆಯ ಕರ್ಚೀಫು ಸುತ್ತಿ ಹಚ್ಚಿಕೊಳ್ಳುತ್ತೇನೆ. ಅರ್ಧ ಬೆನ್ನಿಗೆ, ಅರ್ಧ ಗೋಡೆಗೆ.

ಏನಾದರೂ ಬರೆದುಕೊಡು. ಮುಲಾಮು, ಮಾತ್ರೆ, ಬೈಗುಳ, ಯಾವುದಾದರೂ.

ಬೆನ್ನು ಬಿಡದ
ಶರ್ಮಿಳಾ


ಮೈಸೂರು
2 ಡಿಸೆಂಬರ್ 1997

ಶರ್ಮಿಳಾ,

ಐದು ವರ್ಷ ನನಗೆ ಬೆನ್ನು ತೋರಿಸಿದವಳು ಈಗ ನಿಜವಾಗಿಯೂ ತೋರಿಸಲು ಬಂದಿದ್ದೀಯ. ಇರಲಿ, ನನ್ನ ವೃತ್ತಿಯಲ್ಲಿ ಎಲ್ಲರೂ ಹೀಗೆಯೇ. ಚರ್ಮ ಚೆನ್ನಾಗಿದ್ದಾಗ ಕನ್ನಡಿಯ ಮುಂದೆ ನಿಲ್ಲುತ್ತಾರೆ, ಕೆಟ್ಟಾಗ ನನ್ನ ಮುಂದೆ.

ಔಷಧಿ ಚೀಟಿಯ ಹಾಳೆಯ ಮೇಲೆ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಗೆಳತಿಗೆ ಬರೆಯುವ ಕಾಗದ ಎಲ್ಲಿಟ್ಟಿದ್ದೆನೋ ಮರೆತಿದೆ. ತೊಂಬತ್ತೆರಡರ ನವೆಂಬರಿನಲ್ಲಿ ಮಗನ ನಾಮಕರಣಕ್ಕೆ ಕರೆದಿದ್ದೆ. ಆಗ ನೀನು ಹಾಲೆಂಡಿಗೆ ಹಾರಿರಲಿಲ್ಲ, ಬೆಂಗಳೂರಿನಲ್ಲಿದ್ದೆ, ರೈಲಿಗೆ ಮೂರು ಗಂಟೆ. ಬರಲಿಲ್ಲ. ಬರುವುದಿಲ್ಲವೆಂದು ಬರೆಯಲೂ ಇಲ್ಲ. ಬಾಗಿಲಿನ ಕಡೆ ನೋಡಿ ನೋಡಿ ನಮ್ಮಮ್ಮ, ನಿನ್ನ ಮಂಗಳೂರು ಕಡೆ ಸ್ನೇಹಿತೆಗೆ ಎಲೆ ಹಾಕಿಸಲಾ ಬೇಡವಾ ಎಂದು ಮೂರು ಸಲ ಕೇಳಿದರು. ಹಾಕಿಸಿದ್ದೆವು.

ಈಗ ಬೆನ್ನಿನ ಮಾತು. ಮೂವತ್ತು ದಾಟಿದ ಮೇಲೆ, ಇಷ್ಟು ಆಳವಾಗಿ, ಆಂಟಿಬಯಾಟಿಕ್‌ಗೂ ಜಗ್ಗದೆ ಬರುವ ಮೊಡವೆ ಸೋಪಿನ ತಪ್ಪಲ್ಲ, ಎಣ್ಣೆಯ ತಪ್ಪಲ್ಲ. ಹಾರ್ಮೋನಿನ ಕೆಲಸ ಎಂದು ನನ್ನ ಗುಮಾನಿ. ಐದು ಪ್ರಶ್ನೆ ಕೇಳುತ್ತೇನೆ, ಪರೀಕ್ಷೆಯ ಹಾಗೆ ಎಲ್ಲಕ್ಕೂ ಉತ್ತರಿಸು, ಆಯ್ಕೆ ಇಲ್ಲ. ಒಂದು, ಗಲ್ಲದ ಮೇಲೆ ಗಡುಸು ಕೂದಲು ಬರುತ್ತಿದೆಯೇ? ಎರಡು, ತೂಕ ಏರಿದೆಯೇ? ಮೂರು, ತಲೆಗೂದಲು ಉದುರುತ್ತಿದೆಯೇ? ನಾಲ್ಕು, ತಿಂಗಳು ತಿಂಗಳು ಸರಿಯಾಗಿ ಮುಟ್ಟಾಗುತ್ತದೆಯೇ? ಐದು, ಬೇರೆ ಏನು ಔಷಧಿ ತಿನ್ನುತ್ತಿದ್ದೀಯ?

ಸಟ್ಟುಗವನ್ನು ದೋಸೆಗೆ ಬಿಡು. ಮನೆಯಲ್ಲಿ ಗಂಡ ಎಂದು ಒಬ್ಬರನ್ನು ಇಟ್ಟುಕೊಂಡಿದ್ದೀಯಲ್ಲ.

ಡಾ. ನಾಗಮಣಿ


ಯುಟ್ರೆಕ್ಟ್
5 ಜನವರಿ 1998

ಡಾಕ್ಟರ್ ನಾಗಮಣಿಯವರೇ,

ಆ ಒಂದಕ್ಷರ ಮತ್ತು ಚುಕ್ಕೆಯನ್ನು ನನ್ನ ಮೇಲೆ ಪ್ರಯೋಗಿಸಿದ್ದು ನೋಡಿ ನಕ್ಕೆ. ಎಲೆ ಹಾಕಿಸಿದ ವಿಷಯ ಓದಿ ನಗಲಿಲ್ಲ. ಅದಕ್ಕೆ ಉತ್ತರ ಕೊಡುತ್ತೇನೆ, ಇವತ್ತಲ್ಲ. ಒಂದು ಭೇಟಿಗೆ ಒಂದೇ ದೂರು.

ಒಂದು: ಗಲ್ಲದ ಕೂದಲು ಎರಡೇ ಎರಡು. ಎಷ್ಟು ಸಲ ಕಿತ್ತರೂ ಒಟ್ಟಿಗೇ ಮರಳುವ ಆದರ್ಶ ದಂಪತಿ. ಎರಡು: ತೂಕ ಏರಿದೆ. ಈ ದೇಶದ ಚೀಸನ್ನು ದೂರೋಣವೆಂದರೆ, ಅದನ್ನೇ ತಿಂದು ಇವರೆಲ್ಲ ಕಂಬದ ಹಾಗಿದ್ದಾರೆ. ಮೂರು: ಉದುರುತ್ತಿದೆ. ತಲೆಯ ಮೇಲಿರಬೇಕಾದದ್ದು ಗಲ್ಲಕ್ಕೆ, ಗಲ್ಲದ ಮೇಲಿರಬಹುದಾದ ಮೊಡವೆ ಬೆನ್ನಿಗೆ. ನನ್ನ ಮೈಯಲ್ಲಿ ವರ್ಗಾವಣೆ ವಿಭಾಗದವರಿಗೆ ತಲೆ ಕೆಟ್ಟಿದೆ. ಐದು: ಏನೂ ಇಲ್ಲ.

ನಿನ್ನ ಆಜ್ಞೆಯಂತೆ ಸಟ್ಟುಗಕ್ಕೆ ನಿವೃತ್ತಿ ಕೊಟ್ಟೆ. ಲೋಕನಾಥ್ ರಾಟರ್‌ಡ್ಯಾಮ್ ಬಂದರಿನಲ್ಲಿ ಹಡಗಿನ ಮೇಲೆ ಯಾವ ಪೆಟ್ಟಿಗೆ ಎಲ್ಲಿ ಕೂರಬೇಕು ಎಂದು ಯೋಜಿಸುವ ಕೆಲಸದವರು. ಇಷ್ಟು ದಿನ ಅವರಿಗೆ ಬೆನ್ನನ್ನು ಸರಿಯಾಗಿ ತೋರಿಸಿಯೇ ಇರಲಿಲ್ಲ. ಭಾನುವಾರ ಬೆಳಿಗ್ಗೆ ಕಿಟಕಿಯ ಬೆಳಕಿಗೆ ಕೂರಿಸಿ, ಕನ್ನಡಕ ಹಾಕಿಕೊಂಡು, ಒಂದೊಂದನ್ನೂ ಎಣಿಸಿದರು. ಆಮೇಲೆ, "ಎಡಗಡೆ ಹನ್ನೊಂದು, ಬಲಗಡೆ ಏಳು. ಹಡಗು ಎಡಕ್ಕೆ ವಾಲ್ತದೆ ಮಾರಾಯ್ತಿ," ಎಂದರು. ಇಬ್ಬರೂ ನಕ್ಕೆವು. ಅವರ ಬೆರಳು ಒಂದರ ಮೇಲೆ ತಾಗಿ ನಾನು ಉಸಿರು ಹಿಡಿದಾಗ ಅವರ ನಗು ನಿಂತಿತು. ಇಷ್ಟು ನೋಯುತ್ತದೆಂದು ಹೇಳಬಾರದಿತ್ತಾ ಎಂದು ಕೇಳಿದರು. ಲೋಷನ್ ಬಾಟಲಿಯನ್ನು ಅವರ ಕೈಗೆ ಕೊಟ್ಟೆ.

ಡಿಸೆಂಬರಿನಲ್ಲಿ ಹೌಸ್‌ಆರ್ಟ್ಸ್‌ರ ನಾಲ್ಕನೆಯ ದರ್ಶನವಾಯಿತು. ಅವರಿಗೂ ನಿನ್ನ ಹಾಗೆ ಹಾರ್ಮೋನಿನ ಗುಮಾನಿ ಬಂದಿತ್ತು. ಕಂಪ್ಯೂಟರ್ ನೋಡುತ್ತಲೇ, ಸದ್ಯದಲ್ಲಿ ಮಕ್ಕಳು ಮಾಡಿಕೊಳ್ಳುವ ಯೋಚನೆ ಇದೆಯೇ ಎಂದು ಕೇಳಿದರು. ಸದ್ಯಕ್ಕಿಲ್ಲ ಎಂದೆ. ಸರಿ ಎಂದು ಒಂದು ಮಾತ್ರೆ ಬರೆದರು. ಮಕ್ಕಳಾಗದಿರಲು ತೆಗೆದುಕೊಳ್ಳುವ ಮಾತ್ರೆಯೇ. ಅದರಲ್ಲಿ ಮೊಡವೆ ತರಿಸುವ ಗಂಡು ಹಾರ್ಮೋನನ್ನು ಸುಮ್ಮನಾಗಿಸುವ ಅಂಶವೂ ಇದೆಯಂತೆ. ಆರು ತಿಂಗಳು ನುಂಗಿದರೆ ಬೆನ್ನು ತಿಳಿಯಾಗುತ್ತದಂತೆ.

ಪೊಟ್ಟಣ ಅಡುಗೆಮನೆಯ ಡ್ರಾಯರಿನಲ್ಲಿ ಸಾಸಿವೆ ಡಬ್ಬಿಯ ಪಕ್ಕ ಕೂತಿದೆ. ಒಂದೂ ನುಂಗಿಲ್ಲ. ಯಾಕೆ ಎಂದು ಕೇಳಬೇಡ. ನನ್ನ ಬೆನ್ನು ಉರಿಯುತ್ತಿದೆ, ತಲೆಯೂ ಉರಿಯುತ್ತಿದೆ. ಬೇರೆ ಯಾವುದಾದರೂ ದಾರಿ ಬರೆ.

ಶರ್ಮಿಳಾ


ಮೈಸೂರು
23 ಜನವರಿ 1998

ಶರ್ಮಿಳಾ,

ಮೂರರ ನಂತರ ಐದು ಬರುವ ಸಂಖ್ಯಾಶಾಸ್ತ್ರವನ್ನು ನಿನಗೆ ಕಲಿಸಿದವರು ಯಾರು?

ನಿನ್ನ ಡಾಕ್ಟರು ತಪ್ಪು ಮಾಡಿಲ್ಲ. ನೀನು ನನ್ನ ಕ್ಲಿನಿಕ್ಕಿಗೆ ಬಂದು ಅದೇ ಉತ್ತರ ಕೊಟ್ಟಿದ್ದರೆ ನಾನೂ ಅದೇ ಮಾತ್ರೆ ಬರೆಯುತ್ತಿದ್ದೆ. ಮಕ್ಕಳು ಬೇಡ ಎನ್ನುವವಳಿಗೆ ಅದನ್ನು ನುಂಗಲು ಏನಡ್ಡಿ? ನೀನು ಗುಳಿಗೆಗೆ ಹೆದರುವವಳಲ್ಲ. ಕೋಣೆ ಹಿಡಿಯುವ ಮೊದಲು ಹಾಸ್ಟೆಲ್ ಊಟವನ್ನೇ ಎರಡು ವರ್ಷ ನುಂಗಿದವಳು.

ನಾನು ಚರ್ಮ ನೋಡುವವಳು, ಚರ್ಮದ ಒಳಗಿನದ್ದನ್ನು ನೀನೇ ಹೇಳಬೇಕು. ಖಾಲಿ ಬಿಟ್ಟ ಜಾಗವೂ ಮಾಹಿತಿಯೇ ಎಂದು ನೀನೇ ನನಗೆ ಹಿಂದೆ ಪಾಠ ಮಾಡಿದ್ದೆ. ನಾಲ್ಕನೆಯ ಪ್ರಶ್ನೆಗೆ ಉತ್ತರ ಬರುವ ತನಕ ನನ್ನಿಂದ ಒಂದು ಸೋಪಿನ ಹೆಸರೂ ಸಿಗುವುದಿಲ್ಲ.

ನಾಗಮಣಿ


ಯುಟ್ರೆಕ್ಟ್
19 ಏಪ್ರಿಲ್ 1998

ನಾಗೂ,

ಮೂರು ತಿಂಗಳು ನಿನ್ನ ಮೇಲೆ ಸಿಟ್ಟಿನಲ್ಲಿದ್ದೆ. ಇನ್ನೂ ಇದ್ದೇನೆ, ಆದರೆ ಸಿಟ್ಟಿಗೂ ಬೆನ್ನು ಒರಗಿಸಲು ಜಾಗ ಬೇಕು, ನನಗೆ ಅದಿಲ್ಲ.

ನಾಲ್ಕನೆಯ ಪ್ರಶ್ನೆಗೆ ಉತ್ತರ: ವರ್ಷಕ್ಕೆ ನಾಲ್ಕು ಸಲ. ಕಂಪನಿಯ ತ್ರೈಮಾಸಿಕ ವರದಿಯ ಹಾಗೆ. ಮದುವೆಯಾದಾಗಿನಿಂದ ಹೀಗೆಯೇ. ಮೊದಲ ವರ್ಷ ಲೆಕ್ಕವಿಡಲಿಲ್ಲ. ಆಮೇಲಿನ ಏಳು ವರ್ಷ ಒಂದೊಂದು ದಿನವನ್ನೂ ಎಣಿಸಿದ್ದೇನೆ. ಉಳಿದ ಹೆಂಗಸರು ನಲವತ್ತು ದಿನವಾದರೆ ತಡವಾಯಿತು ಎನ್ನುತ್ತಾರೆ. ನಾನು ಪ್ರತಿ ಸಲವೂ ಆಯಿತು ಎಂದುಕೊಳ್ಳುತ್ತೇನೆ. ಐವತ್ತಕ್ಕೆ ಭಾರ ಎತ್ತುವುದು ಬಿಡುತ್ತೇನೆ, ಅರುವತ್ತಕ್ಕೆ ಪಪ್ಪಾಯಿ ಬಿಡುತ್ತೇನೆ, ಎಪ್ಪತ್ತಕ್ಕೆ ಲೋಕನಾಥರ ಮುಖ ನೋಡುವುದು ಬಿಡುತ್ತೇನೆ, ಅವರೂ ಎಣಿಸುತ್ತಿರುತ್ತಾರೆಂದು ಗೊತ್ತಿರುವುದರಿಂದ. ಆಮೇಲೆ ಒಂದು ಬೆಳಿಗ್ಗೆ ವರದಿ ಬರುತ್ತದೆ. ಬೇಡವಾದದ್ದು ಬೆನ್ನ ಮೇಲೆ ದಿನಾ ಹುಟ್ಟುತ್ತದೆ.

ಇನ್ನು ಸದ್ಯಕ್ಕಿಲ್ಲ ಎಂಬ ಮಾತು. ಮದುವೆಯಾದ ಎರಡನೆಯ ವರ್ಷ ಉಡುಪಿಯಲ್ಲಿ ಇಂದಿರಮ್ಮ ದೊಡ್ಡಮ್ಮ, ತುಂಬಿದ ಪಡಸಾಲೆಯಲ್ಲಿ, "ಎಂತ, ವಿಶೇಷ ಉಂಟಾ?" ಎಂದು ಕೇಳಿದರು. ಸದ್ಯಕ್ಕೆ ಬೇಡ ಅಂತ ಇದ್ದೇವೆ ದೊಡ್ಡಮ್ಮ, ಎಂದೆ. ಎಷ್ಟು ಸೊಗಸಾಗಿ ಕೆಲಸ ಮಾಡಿತೆಂದರೆ, ಪಾಪ ಎನ್ನಬೇಕಿದ್ದವರೆಲ್ಲ ಜಂಬ ಎಂದರು. ಪಾಪಕ್ಕಿಂತ ಜಂಬ ನನಗೆ ಎಷ್ಟೋ ಹಗುರವಾಗಿತ್ತು. ಅಂದಿನಿಂದ ಯಾರು ಕೇಳಿದರೂ ಅದೇ ಉತ್ತರ. ಅತ್ತೆಗೆ, ಚಿಕ್ಕಮ್ಮಂದಿರಿಗೆ, ಲೋಕನಾಥರ ಬಾಸಿನ ಹೆಂಡತಿಗೆ. ನಿನಗೂ. ಹೌಸ್‌ಆರ್ಟ್ಸ್ ಕೇಳಿದಾಗ ಯೋಚಿಸುವ ಮೊದಲೇ ಬಾಯಿ ದೊಡ್ಡಮ್ಮನ ಉತ್ತರವನ್ನು ಡಚ್ಚಿನಲ್ಲಿ ಹೇಳಿಯಾಗಿತ್ತು. ದೊಡ್ಡಮ್ಮನಾದರೂ ಅರೆಗಣ್ಣಿನಿಂದ ನೋಡುತ್ತಿದ್ದರು. ಈ ಜನ ಹೇಳಿದ್ದನ್ನು ಹೇಳಿದ ಹಾಗೆ ನಂಬಿ ಟೈಪ್ ಮಾಡಿಬಿಡುತ್ತಾರೆ.

ತಿದ್ದಬಹುದಿತ್ತು. ತಿದ್ದಲಿಲ್ಲ. ಒಂದು ಭೇಟಿಗೆ ಒಂದೇ ದೂರು ಎಂದು ನಿಯಮವಿದೆಯಲ್ಲ, ಅದರ ಮರೆಯಲ್ಲಿ ನಿಂತೆ. ನಾಲ್ಕು ಭೇಟಿಯಲ್ಲೂ ಬೆನ್ನನ್ನೇ ಮುಂದೆ ಮಾಡಿದೆ.

ಈಗ ಎಲೆಯ ವಿಷಯ. ನಿನ್ನ ಆಮಂತ್ರಣದ ಕೆಳಗೆ ಕೈಬರಹದಲ್ಲಿ ಒಂದು ಸಾಲಿತ್ತು: "ಮಕ್ಕಳ ರಗಳೆ ಬೇಡ ಅಂದ ಜಾಣೆ ನೀನು, ಕೈಬೀಸಿಕೊಂಡು ಬಂದು ನನ್ನ ಪಾಡು ನೋಡಿ ನಕ್ಕು ಹೋಗು." ಆ ಪತ್ರ ಬಂದಾಗ ಎಪ್ಪತ್ತೆಂಟನೇ ದಿನ. ಬಂದು ನಿನ್ನ ಕಿವಿಯಲ್ಲಿ ಹೇಳಬೇಕೆಂದು ಸೀರೆ ತೆಗೆದಿಟ್ಟಿದ್ದೆ, ಟಿಕೆಟ್ಟೂ ಆಗಿತ್ತು. ನಾಮಕರಣದ ಹಿಂದಿನ ದಿನ ಮುಗಿಯಿತು.

ನಿನ್ನ ತಪ್ಪೆಂದು ಬರೆಯುತ್ತಿಲ್ಲ. ಅದೂ ಸುಳ್ಳು. ಸ್ವಲ್ಪ ನಿನ್ನ ತಪ್ಪೆಂದೇ ಬರೆಯುತ್ತಿದ್ದೇನೆ.

ಆ ಮಾತ್ರೆ ನುಂಗಿದರೆ ಇಷ್ಟು ವರ್ಷ ಹೇಳಿದ ಸುಳ್ಳು ನಿಜವಾಗುತ್ತದೆ, ಬೆನ್ನೂ ನುಣುಪಾಗುತ್ತದೆ. ನುಂಗದಿದ್ದರೆ ಬೆನ್ನೂ ಇಲ್ಲ, ಹೊಟ್ಟೆಯೂ ಇಲ್ಲ. ಈಗ ಹೇಳು, ಯಾವ ಸೋಪು ಹಚ್ಚಲಿ?

ಶರ್ಮಿಳಾ


ಮೈಸೂರು
6 ಮೇ 1998

ಶರ್ಮಿ,

ಆ ಸಾಲು ನನಗೆ ನೆನಪೇ ಇರಲಿಲ್ಲ. ಬರೆಯಲು ಅರ್ಧ ನಿಮಿಷ ಹಿಡಿದಿರಬೇಕು. ನೀನು ಐದು ವರ್ಷ ಹೊತ್ತೆ. ತಪ್ಪಾಯಿತು ಕಣೇ. ಇದಕ್ಕಿಂತ ಉದ್ದ ಬರೆದರೆ ನನ್ನ ಚಾಳಿಯಂತೆ ಎಲ್ಲೋ ಒಂದು ತಮಾಷೆ ನುಸುಳುತ್ತದೆ, ಅದಕ್ಕೇ ಇಲ್ಲಿಗೇ ನಿಲ್ಲಿಸುತ್ತೇನೆ.

ಈಗ ಡಾಕ್ಟರ ಮಾತು. ನಿನಗೆ ಎರಡು ಕಾಯಿಲೆಯಿಲ್ಲ, ಒಂದೇ ಇದೆ. ಅಂಡಾಶಯದಲ್ಲಿ ಮೊಟ್ಟೆಗಳು ಅರ್ಧ ಬೆಳೆದು ಅಲ್ಲಲ್ಲೇ ನಿಂತುಬಿಡುತ್ತವೆ. ಗಂಡು ಹಾರ್ಮೋನು ಹೆಚ್ಚಾಗುತ್ತದೆ. ತಿಂಗಳು ತಪ್ಪುವುದೂ, ಗಲ್ಲದ ಆ ದಂಪತಿಯೂ, ಬೆನ್ನೂ ಒಂದೇ ಬೇರಿನ ಚಿಗುರು ಎಂದು ನನಗನಿಸುತ್ತದೆ. ಸ್ಕ್ಯಾನ್ ಆಗದೆ ಖಚಿತ ಹೇಳಲಾರೆ. ಅಂದರೆ ನೀನು ನಾಲ್ಕು ಸಲ ಹೋಗಿ ಸರಿಯಾದ ದೂರನ್ನೇ ಕೊಟ್ಟಿದ್ದೆ, ಅರ್ಧ ಮಾತ್ರ.

ಫೋನ್ ಮಾಡಿ ಎರಡು ಭೇಟಿಯ ಸಮಯ ಒಟ್ಟಿಗೆ ಕೇಳು, ಇಪ್ಪತ್ತು ನಿಮಿಷ. ಜೊತೆಗಿಟ್ಟಿರುವ ಇಂಗ್ಲಿಷ್ ಪತ್ರ ನಿನ್ನ ಡಾಕ್ಟರಿಗೆ. ವೃತ್ತಿಬಾಂಧವರೇ ಎಂದು ಶುರುಮಾಡಿದ್ದೇನೆ, ಏಳು ವರ್ಷದ ಸಂಗತಿ ಎಲ್ಲ ಬರೆದಿದ್ದೇನೆ. ಬಾಯಿ ಮತ್ತೆ ದೊಡ್ಡಮ್ಮನ ಉತ್ತರ ಕೊಡಲು ಹೊರಟರೆ ಬಾಯಿ ಮುಚ್ಚಿಕೊಂಡು ಪತ್ರ ಕೊಡು. ಲೋಕನಾಥರನ್ನೂ ಕರೆದುಕೊಂಡು ಹೋಗು. ಅವರಿಗೂ ಪರೀಕ್ಷೆ ಇರುತ್ತದೆ, ಮೊದಲೇ ಹೇಳಿರು.

ಒಂದನ್ನು ನಾನು ಮುಚ್ಚಿಡುವುದಿಲ್ಲ. ಒಂದು ಮಾತ್ರೆ ಬೆನ್ನಿಗೆ, ಇನ್ನೊಂದು ಮಗುವಿಗೆ. ಎರಡನ್ನೂ ಒಟ್ಟಿಗೆ ನುಂಗುವಂತಿಲ್ಲ. ಮಗುವಿನ ಮಾತ್ರೆ ಮೊಟ್ಟೆಯನ್ನು ಬೆಳೆಸಲು ನೋಡುತ್ತದೆ, ಮಗುವನ್ನು ಕೊಡುತ್ತೇನೆಂದು ಮಾತು ಕೊಡುವುದಿಲ್ಲ. ಆ ದಾರಿ ಹಿಡಿದರೆ ಬೆನ್ನಿನ ಬಲವಾದ ಔಷಧಿಗಳೆಲ್ಲ ನಿಷಿದ್ಧ. ಬೆನ್ನು ಹೀಗೆಯೇ ಇರಬಹುದು, ಇನ್ನೂ ಕೆಡಬಹುದು. ಯಾವುದನ್ನು ಆರಿಸಿದರೂ ನಾನು ಬೈಯುವುದಿಲ್ಲ.

ನಾಗೂ


ಯುಟ್ರೆಕ್ಟ್
30 ಆಗಸ್ಟ್ 1998

ನಾಗೂ,

ಇಪ್ಪತ್ತು ನಿಮಿಷ ಕೇಳಿದ್ದಕ್ಕೆ ಸಹಾಯಕಿ ಕಾರಣವನ್ನೂ ಕೇಳಲಿಲ್ಲ, ಕೊಟ್ಟುಬಿಟ್ಟಳು. ಹದಿನಾಲ್ಕು ತಿಂಗಳು ನಾನು ಕಬ್ಬಿಣದ ಬಾಗಿಲು ಎಂದುಕೊಂಡದ್ದು ಪರದೆಯಾಗಿತ್ತು. ಇದಕ್ಕೆ ಯಾರ ಮೇಲೆ ರೇಗುವುದೆಂದು ಇನ್ನೂ ಹುಡುಕುತ್ತಿದ್ದೇನೆ.

ಡಾಕ್ಟರು ನಿನ್ನ ಪತ್ರವನ್ನು ಎರಡು ಸಲ ಓದಿದರು. ಕಂಪ್ಯೂಟರಿನಲ್ಲಿ ಹಿಂದಕ್ಕೆ ಹೋಗಿ, ಡಿಸೆಂಬರಿನಲ್ಲಿ ನೀವು ಸದ್ಯಕ್ಕಿಲ್ಲ ಎಂದಿದ್ದೀರಿ, ಎಂದರು. ಆಪಾದನೆಯಲ್ಲ, ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ನಾನು ಹೇಳಿದೆ: "ನಮ್ಮ ಕಡೆ ಆ ಪ್ರಶ್ನೆಯನ್ನು ಡಾಕ್ಟರು ಒಬ್ಬರನ್ನು ಬಿಟ್ಟು ಎಲ್ಲರೂ ಕೇಳುತ್ತಾರೆ. ಉತ್ತರ ಅವರಿಗಾಗಿ ಮಾಡಿಟ್ಟದ್ದು." ಅವರು ನಗಲಿಲ್ಲ. ಲೋಕನಾಥರೂ ನಗಲಿಲ್ಲ. ತಮ್ಮ ಮನೆಯವರೆದುರು ನಾನು ಜಂಬಗಾತಿಯಾಗಿ ನಿಂತಾಗಲೆಲ್ಲ ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಿದ್ದವರು ಅವರೇ. ಅವತ್ತು ಕುರ್ಚಿಯ ತೋಳು ಹಿಡಿದುಕೊಂಡು ನೆಲ ನೋಡುತ್ತಿದ್ದರು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ನಿನ್ನ ಗುಮಾನಿ ನಿಜ. ಪರದೆಯ ಮೇಲೆ ಸುತ್ತಲೂ ಕಪ್ಪು ಮಣಿಗಳು, ಪೋಣಿಸಿಟ್ಟ ಹಾಗೆ. ಲೋಕನಾಥರದ್ದೂ ಪರೀಕ್ಷೆಯಾಗಿ ಅವರು ಪಾಸಾದರು. ಫಲಿತಾಂಶ ಬಂದ ದಿನ ಖುಷಿಪಡಬೇಕೋ ಬಾರದೋ ತಿಳಿಯದೆ ಅಂಗಡಿಗೆ ಹೋಗಿ ಬೇಡದ ಆಲೂಗೆಡ್ಡೆ ತಂದರು.

ಆರಿಸಿದ್ದೇನೆ. ಬೆನ್ನಿನ ಪೊಟ್ಟಣವನ್ನು ಔಷಧಿ ಅಂಗಡಿಗೆ ವಾಪಸು ಕೊಟ್ಟೆ. ಜುಲೈಯಿಂದ ಇನ್ನೊಂದು ಮಾತ್ರೆ. ಮೊದಲ ತಿಂಗಳು ವರದಿ ಮೂವತ್ತೊಂದನೇ ದಿನವೇ ಬಂತು. ಇಷ್ಟು ಕ್ರಮಬದ್ಧವಾಗಿ ನಿರಾಶೆಯಾದದ್ದು ಜೀವನದಲ್ಲಿ ಇದೇ ಮೊದಲು. ಎರಡನೆಯ ತಿಂಗಳು ಮೊನ್ನೆ ಮುಗಿಯಿತು, ಹಾಗೆಯೇ. ಇನ್ನು ನಾಲ್ಕು ಸಲ ನೋಡೋಣ ಎಂದಿದ್ದಾರೆ. ಬೆನ್ನಂತೂ ಪೂರ್ತಿ ಬಂಡೆದ್ದಿದೆ. ಭುಜಕ್ಕೂ ಹಬ್ಬಿದೆ. ಈ ಬೇಸಿಗೆಯಲ್ಲಿ ಊರಿಗೆ ಊರೇ ತೋಳು ಬೆನ್ನು ಬಿಟ್ಟುಕೊಂಡು ಕಾಲುವೆ ದಂಡೆಯಲ್ಲಿ ಬಿಸಿಲು ಕಾಯುವಾಗ ನಾನು ಕತ್ತಿನವರೆಗೆ ಗುಂಡಿ ಹಾಕಿಕೊಂಡು ಬೆವರುತ್ತೇನೆ, ಎಲ್ಲರನ್ನೂ ಮನಸ್ಸಿನಲ್ಲೇ ಬೈಯುತ್ತೇನೆ. ದೊಡ್ಡ ನಿರ್ಧಾರ ಮಾಡಿದವರಿಗೆ ಮನಶ್ಶಾಂತಿ ಸಿಗುತ್ತದೆಂದು ಹೇಳಿದವರು ಸಿಕ್ಕರೆ ನನ್ನ ವಿಳಾಸ ಕೊಡು.

ಕಳೆದ ಭಾನುವಾರ ಊರಿಗೆ ಫೋನ್ ಮಾಡಿದಾಗ ದೊಡ್ಡಮ್ಮ ಅಲ್ಲೇ ಇದ್ದರು. ಅದೇ ಪ್ರಶ್ನೆ ಕೇಳಿದರು. "ಬೇಕು ಅಂತಲೇ ಉಂಟು ದೊಡ್ಡಮ್ಮ, ಆಗುದಿಲ್ಲ. ಮದ್ದು ಮಾಡ್ತಾ ಇದ್ದೇವೆ," ಎಂದೆ. ಅಷ್ಟು ದೂರದ ಫೋನಿನಲ್ಲಿ ಅವರು ಊಟ ಆಯಿತಾ ಎಂದು ಕೇಳಿದರು, ಏನು ಸಾರು ಎಂದು ಕೇಳಿದರು, ಫೋನನ್ನು ಅಮ್ಮನಿಗೆ ಕೊಟ್ಟರು. ಪಾಪ ಎನ್ನಲಿಲ್ಲ. ಅಂದಿದ್ದರೂ ಸಾಯುತ್ತಿರಲಿಲ್ಲವೆಂದು ಈಗ ಅನಿಸುತ್ತದೆ.

ಈ ಪತ್ರಕ್ಕೆ ಔಷಧಿ ಬರೆಯಬೇಡ. ನಿನ್ನ ಮಗನ ವಿಷಯ ಬರೆ. ಈ ನವೆಂಬರಿಗೆ ಅವನಿಗೆ ಆರು ತುಂಬುತ್ತದೆ, ಅಷ್ಟು ಲೆಕ್ಕ ಇಟ್ಟಿದ್ದೇನೆ. ಅವನು ಏನು ತಿನ್ನುತ್ತಾನೆ, ಯಾವುದಕ್ಕೆ ಹಟ ಮಾಡುತ್ತಾನೆ, ನಿನ್ನ ಮೂಗು ಬಂದಿದೆಯೋ ಅವರಪ್ಪನದೋ, ಏನನ್ನೂ ಬಿಡದೆ ಬರೆ. ಓದಿದರೆ ನನಗೆ ಹೊಟ್ಟೆ ಉರಿಯುತ್ತದೆ, ಖಂಡಿತ ಉರಿಯುತ್ತದೆ. ಆದರೂ ಬರೆ.

ಹೆಸರಿನಿಂದ ಶುರುಮಾಡು. ಇಷ್ಟು ವರ್ಷ ಅದನ್ನೂ ನಾನು ಕೇಳಿಲ್ಲ.

ನಿನ್ನ
ಶರ್ಮಿ